ಖಾಲಿ ರಸ್ತೆಗೆ ಎದುರಾಗಿ ಕೆಂಪು ದೀಪ ಯಾಕೆ? ಸಿಗ್ನಲ್‌ನ ಸೆಕೆಂಡುಗಳ ಲೆಕ್ಕ

ಪ್ರಶ್ನೆ: ನಾನು ದಿನಾ ಒಂದು ಅಡ್ಡರಸ್ತೆಯಿಂದ ಮುಖ್ಯರಸ್ತೆಗೆ ಬರುತ್ತೇನೆ. ಅಲ್ಲಿ ಕೆಂಪು ದೀಪಕ್ಕೆ ಒಂದು ನಿಮಿಷಕ್ಕಿಂತ ಜಾಸ್ತಿ ಕಾಯಬೇಕು. ಎಷ್ಟೋ ಸಲ ಮುಖ್ಯರಸ್ತೆಯಲ್ಲಿ ಒಂದು ಗಾಡಿಯೂ ಇರುವುದಿಲ್ಲ. ಇನ್ನೊಂದು ಕಡೆ ತಿರುಗುವವರಿಗೆ ಹಸಿರು ಬಂದು ನಾಲ್ಕೈದು ಗಾಡಿ ಹೋಗುವಷ್ಟರಲ್ಲಿ ಮುಗಿದೇ ಹೋಗುತ್ತದೆ. ಈ ಸೆಕೆಂಡುಗಳನ್ನು ಯಾವ ಲೆಕ್ಕದಲ್ಲಿ ಇಡುತ್ತಾರೆ? ಅಥವಾ ಸುಮ್ನೆ ಅಂದಾಜಿಗೆ ಇಡುತ್ತಾರಾ?

ಉತ್ತರ: ಅಂದಾಜಿಗೆ ಇಟ್ಟ ಸಿಗ್ನಲ್ ಎಲ್ಲೂ ಇಲ್ಲ ಅಂತ ಆಣೆ ಮಾಡಿ ಹೇಳಲಾರೆ. ಆದರೆ ಸರಿಯಾಗಿ ಕೆಲಸ ಮಾಡುವ ಇಲಾಖೆಯಲ್ಲಿ ಪ್ರತಿ ಸೆಕೆಂಡಿಗೂ ಒಂದು ಕಾರಣ ಇರುತ್ತದೆ. ಖಾಲಿ ರಸ್ತೆಗೆ ಎದುರಾಗಿ ನಿಮ್ಮನ್ನು ನಿಲ್ಲಿಸಿದ್ದಕ್ಕೂ ಕಾರಣ ಇದೆ. ಬಹಳ ಸಲ ಆ ಕಾರಣ ನಿಮ್ಮ ಸಿಗ್ನಲ್‌ನಲ್ಲಿ ಇರುವುದೇ ಇಲ್ಲ, ಎರಡು ಮೂರು ಸಿಗ್ನಲ್ ಆಚೆ ಇರುತ್ತದೆ. ಅಲ್ಲಿಗೆ ಬರೋಣ. ಮೊದಲು ಹಳದಿಯ ವಿಷಯ. ಎಂಜಿನಿಯರ್ ಕೂಡ ಹಸಿರಿಗೆ ಕೈ ಹಾಕುವ ಮೊದಲು ಹಳದಿಯನ್ನೇ ಮುಗಿಸಿಕೊಳ್ಳಬೇಕು, ಯಾಕೆಂದರೆ ಅದರಲ್ಲಿ ಚೌಕಾಸಿಗೆ ಜಾಗ ಇಲ್ಲ.

ಗಂಟೆಗೆ 50 ಕಿಲೋಮೀಟರ್ ವೇಗದ ಕಾರು ಸೆಕೆಂಡಿಗೆ ಸುಮಾರು 14 ಮೀಟರ್ ಓಡುತ್ತದೆ. ಹಳದಿ ಕಂಡು ಚಾಲಕನ ಕಾಲು ಬ್ರೇಕಿಗೆ ಹೋಗಲು ಒಂದು ಸೆಕೆಂಡು ಅಂತ ಹಿಡಿಯುತ್ತೇವೆ. ಅಷ್ಟರಲ್ಲಿ 14 ಮೀಟರ್ ಹೋಯಿತು. ಆಮೇಲೆ ಒಳಗೆ ಕೂತವರು ಮುಗ್ಗರಿಸದ ಹಾಗೆ ಬ್ರೇಕ್ ಹಾಕಿದರೆ ನಿಲ್ಲಲು ಇನ್ನೂ 32 ಮೀಟರ್ ಬೇಕು. ಒಟ್ಟು 46. ಈಗ ಹಳದಿ ಬರೀ 2 ಸೆಕೆಂಡು ಇದೆ ಅಂದುಕೊಳ್ಳಿ. ಆ 2 ಸೆಕೆಂಡಿನಲ್ಲಿ ಕಾರು ಹೋಗಬಲ್ಲದ್ದು 28 ಮೀಟರ್ ಮಾತ್ರ. ಹಳದಿ ಬಂದ ಕ್ಷಣದಲ್ಲಿ ಗಾಡಿ ನಿಲ್ಲಬೇಕಾದ ಗೆರೆಯಿಂದ 28 ಮೀಟರಿಗಿಂತ ದೂರ, 46 ಮೀಟರಿಗಿಂತ ಹತ್ತಿರ ಇರುವ ಚಾಲಕ ಏನು ಮಾಡಬೇಕು? ನಿಲ್ಲಲೂ ಆಗದು, ಕೆಂಪಿಗೆ ಮೊದಲು ಗೆರೆ ದಾಟಲೂ ಆಗದು. ಕಾನೂನು ಪಾಲಿಸುವವನನ್ನೂ ತಪ್ಪಿತಸ್ಥ ಮಾಡುವ ಸಿಗ್ನಲ್ ಅದು.

ಇದನ್ನು ಲೆಕ್ಕ ಹಾಕಿ ತೋರಿಸಿದವರು ಜನರಲ್ ಮೋಟರ್ಸ್ ಕಂಪನಿಯ ಸಂಶೋಧನಾ ವಿಭಾಗದಲ್ಲಿದ್ದ ಡೆನೋಸ್ ಗಾಜಿಸ್, ರಾಬರ್ಟ್ ಹರ್ಮನ್ ಮತ್ತು ಸಂಗಡಿಗರು, 1960ರಲ್ಲಿ. ಪರಿಹಾರ ಸರಳ. ನಿಲ್ಲಲು ಬೇಕಾದ ದೂರವನ್ನು ಅದೇ ವೇಗದಲ್ಲಿ ದಾಟಲು ಎಷ್ಟು ಹೊತ್ತು ಬೇಕೋ ಅಷ್ಟು ಹಳದಿ ಕೊಡಿ. 50 ಕಿಲೋಮೀಟರ್ ವೇಗಕ್ಕೆ ಅದು 3.3 ಸೆಕೆಂಡು, 70ಕ್ಕೆ 4.2. ರಸ್ತೆ ಇಳಿಜಾರಾಗಿದ್ದರೆ ಇನ್ನೂ ಸ್ವಲ್ಪ ಜಾಸ್ತಿ. ಅಮೆರಿಕದ ಸರ್ಕಾರಿ ಸಿಗ್ನಲ್ ಕೈಪಿಡಿ ಹಳದಿಯನ್ನು 3ರಿಂದ 6 ಸೆಕೆಂಡಿನೊಳಗೆ ಇಡಿ ಎನ್ನುತ್ತದೆ.

ಈ ಸೂತ್ರಕ್ಕೂ ಒಂದು ಕುಂದು ಇತ್ತು. ಅದು ನೇರ ಹೋಗುವವರ ಲೆಕ್ಕ. ತಿರುಗುವವನು ತಿರುವಿಗೆ ಮೊದಲೇ ವೇಗ ಇಳಿಸುತ್ತಾನೆ, ಅವನಿಗೆ ಗೆರೆ ತಲುಪಲು ಹೆಚ್ಚು ಹೊತ್ತು ಬೇಕು. ಅಮೆರಿಕದ ಆರೆಗನ್ ರಾಜ್ಯದ ಮ್ಯಾಟ್ಸ್ ಯಾರ್ಲ್‌ಸ್ಟ್ರಮ್ ಎಂಬಾತ 2013ರಲ್ಲಿ ತನ್ನ ಹೆಂಡತಿಗೆ ಕೆಂಪು ದೀಪದ ಕ್ಯಾಮೆರಾದಿಂದ ದಂಡ ಬಿದ್ದ ಮೇಲೆ ಇದರ ಬೆನ್ನು ಹತ್ತಿದ. ರಾಜ್ಯದ ಪರವಾನಗಿ ಮಂಡಳಿ ಅವನನ್ನು ಕೇಳಿದ್ದು ‘ಲೆಕ್ಕ ಸರಿಯಾ’ ಅಂತ ಅಲ್ಲ. ಪರವಾನಗಿ ಇಲ್ಲದೆ ಎಂಜಿನಿಯರಿಂಗ್ ಮಾಡಿದ್ದಕ್ಕೆ 500 ಡಾಲರ್ ದಂಡ ಹಾಕಿತು! ಅವನು ಕೋರ್ಟಿಗೆ ಹೋಗಿ 2018ರಲ್ಲಿ ಗೆದ್ದ. 2020ರಲ್ಲಿ ಸಾರಿಗೆ ಎಂಜಿನಿಯರುಗಳ ಸಂಸ್ಥೆ ಹೊರಡಿಸಿದ ಮಾರ್ಗಸೂಚಿಯಲ್ಲಿ ತಿರುಗುವವರ ಲೆಕ್ಕವೂ ಸೇರಿತು. ನನ್ನ ವೃತ್ತಿಯವರು ಆಗಾಗ ನೆನಪಿಸಿಕೊಳ್ಳಬೇಕಾದ ಕಥೆ ಇದು.

ಹಳದಿ ಆದ ಮೇಲೆ ಒಂದೆರಡು ಸೆಕೆಂಡು ಎಲ್ಲ ಕಡೆಯೂ ಕೆಂಪೇ ಇರುವುದನ್ನು ನೋಡಿರಬಹುದು. ಹಳದಿಯ ಕೊನೇ ಗಳಿಗೆಯಲ್ಲಿ ಗೆರೆ ದಾಟಿದವನು ಚೌಕದಿಂದ ಹೊರಬೀಳಲಿ ಅಂತ ಅದು. 20 ಮೀಟರ್ ಅಗಲದ ಚೌಕ, 6 ಮೀಟರ್ ಉದ್ದದ ಗಾಡಿ, 50 ಕಿಲೋಮೀಟರ್ ವೇಗ ಅಂದರೆ ಸುಮಾರು 2 ಸೆಕೆಂಡು.

ಆಮೇಲೆ ನಡೆದು ದಾಟುವವರು. ಇಲ್ಲಿ ಎರಡು ಭಾಗ. ‘ಹೊರಡಿ’ ಎನ್ನುವ, ಬಿಳಿ ಅಥವಾ ಹಸಿರು ಮನುಷ್ಯನ ಚಿತ್ರದ ದೀಪಕ್ಕೆ ಸಾಮಾನ್ಯವಾಗಿ 7 ಸೆಕೆಂಡು. ನಂತರ ದೀಪ ಮಿನುಗುತ್ತಾ ಅಂಕಿ ಇಳಿಯುವ ಹೊತ್ತು, ಅಂದರೆ ಆಗಲೇ ಹೊರಟವರು ಆಚೆ ಸೇರುವ ಹೊತ್ತು. ಇದಕ್ಕೆ ರಸ್ತೆಯ ಅಗಲವನ್ನು ನಡಿಗೆಯ ವೇಗದಿಂದ ಭಾಗಿಸುತ್ತೇವೆ. ಅಮೆರಿಕದಲ್ಲಿ ಮೊದಲು ಸೆಕೆಂಡಿಗೆ 1.2 ಮೀಟರ್ ಅಂತ ಹಿಡಿಯುತ್ತಿದ್ದರು. ವಯಸ್ಸಾದವರು ನಡುರಸ್ತೆಯಲ್ಲೇ ಉಳಿದುಬಿಡುತ್ತಾರೆ ಅಂತ 2009ರ ಕೈಪಿಡಿಯಲ್ಲಿ ಅದನ್ನು ಸುಮಾರು 1.07ಕ್ಕೆ ಇಳಿಸಿದರು. 20 ಮೀಟರ್ ಅಗಲದ ಮುಖ್ಯರಸ್ತೆ ದಾಟಲು ಈ ವೇಗದಲ್ಲಿ 19 ಸೆಕೆಂಡು, ಜೊತೆಗೆ ಮೊದಲಿನ 7. ಒಟ್ಟು 26.

ಈ 26 ಎಲ್ಲಿಂದ ಬರಬೇಕು ಗೊತ್ತಾ? ಮುಖ್ಯರಸ್ತೆ ದಾಟುವವರು ದಾಟುವುದು ಮುಖ್ಯರಸ್ತೆಗೆ ಕೆಂಪು ಇದ್ದಾಗ, ಅಂದರೆ ಅಡ್ಡರಸ್ತೆಯ ಹಸಿರಿನಲ್ಲಿ. ಹಾಗಾಗಿ ಗಾಡಿಗಳ ಲೆಕ್ಕದಲ್ಲಿ 18 ಸೆಕೆಂಡು ಸಾಕಾಗುವ ಅಡ್ಡರಸ್ತೆಗೂ 26 ಕೊಡಬೇಕಾಗುತ್ತದೆ. ‘ಯಾರೂ ಇಲ್ಲದ ಗಲ್ಲಿಗೆ ಇಷ್ಟು ಹೊತ್ತು ಹಸಿರಾ’ ಅಂತ ಮುಖ್ಯರಸ್ತೆಯಲ್ಲಿ ನಿಂತವರು ಬೈಯುತ್ತಾರೆ. ಆ ಹಸಿರು ಗಾಡಿಗಳಿಗೆ ಇಟ್ಟಿದ್ದೇ ಅಲ್ಲ.

ಇಷ್ಟೆಲ್ಲ ಕಳೆದು ಉಳಿದದ್ದನ್ನು ಹಂಚುವುದು ಮುಂದಿನ ಕೆಲಸ. ಹಂಚಬೇಕಾದರೆ ಎಣಿಸಬೇಕು. ಯಾವ ಕಡೆಯಿಂದ ಬಂದವರು ಯಾವ ಕಡೆ ತಿರುಗಿದರು ಅಂತ 15 ನಿಮಿಷಕ್ಕೊಂದು ಸಲ ಬರೆದುಕೊಳ್ಳುತ್ತಾರೆ. ರಜೆ, ಮಳೆ, ಹಬ್ಬ ಇಲ್ಲದ ಮಾಮೂಲಿ ವಾರದ ದಿನ ಬೇಕು. ಲಾರಿ, ಬಸ್ಸುಗಳನ್ನು ಒಂದಕ್ಕಿಂತ ಹೆಚ್ಚು ಕಾರಿಗೆ ಸಮ ಅಂತಲೂ, ಬೈಕನ್ನು ಒಂದಕ್ಕಿಂತ ಕಡಿಮೆ ಅಂತಲೂ ಹಿಡಿಯುತ್ತಾರೆ. ಹೊಸಬರು ಎಡವುವುದು ಎಣಿಸುವ ಜಾಗದಲ್ಲೇ. ಗೆರೆ ದಾಟಿ ಹೋದವರನ್ನು ಮಾತ್ರ ಎಣಿಸಿದರೆ ಸಿಗುವುದು ಈಗಿನ ಹಸಿರು ಎಷ್ಟು ಜನರನ್ನು ಬಿಟ್ಟಿತು ಎಂಬ ಲೆಕ್ಕ. ಎಷ್ಟು ಜನ ಹೋಗಬೇಕಿತ್ತು ಎಂಬುದು ಅಲ್ಲ. ಹಸಿರು ಮುಗಿದ ಮೇಲೂ ಸಾಲಿನಲ್ಲಿ ಉಳಿದವರನ್ನು ಎಣಿಸದಿದ್ದರೆ, ಕಡಿಮೆ ಸಮಯ ಸಿಕ್ಕ ರಸ್ತೆಗೆ ಗಾಡಿಯೂ ಕಡಿಮೆ ಅಂತ ಕಾಣುತ್ತದೆ, ಮುಂದಿನ ಸಲವೂ ಕಡಿಮೆ ಸಮಯವೇ ಸಿಗುತ್ತದೆ. ನೀವು ಹೇಳಿದ ‘ನಾಲ್ಕೈದು ಗಾಡಿಗೇ ಮುಗಿಯುವ ಹಸಿರು’ ಕೆಲವು ಸಲ ಹೀಗೇ ಹುಟ್ಟಿರುತ್ತದೆ.

ಇನ್ನೊಂದು ಅಳತೆ ಬೇಕು: ಹಸಿರು ಬಂದಾಗ ನಿಂತ ಸಾಲು ಎಷ್ಟು ಬೇಗ ಕರಗುತ್ತದೆ? ಸ್ಟಾಪ್‌ವಾಚ್ ಹಿಡಿದು ನೀವೇ ನೋಡಬಹುದು. ಹಸಿರು ಬಂದ ಕ್ಷಣದಿಂದ ನಾಲ್ಕನೇ ಕಾರು ಗೆರೆ ದಾಟಿದ್ದು 10.5ನೇ ಸೆಕೆಂಡಿಗೆ, ಹದಿನಾಲ್ಕನೆಯದು 30.5ಕ್ಕೆ ಅನ್ನಿ. ನಡುವೆ ಹತ್ತು ಕಾರಿಗೆ 20 ಸೆಕೆಂಡು. ಕಾರಿಗೆ ಎರಡು ಸೆಕೆಂಡು. ಇಡೀ ಗಂಟೆ ಹಸಿರೇ ಇದ್ದಿದ್ದರೆ ಒಂದು ಲೇನಿನಲ್ಲಿ 1,800 ಕಾರು. ಆದರೆ ಮೊದಲ ನಾಲ್ಕು ಕಾರಿಗೆ ಈ ಲೆಕ್ಕದಲ್ಲಿ 8 ಸೆಕೆಂಡು ಸಾಕಿತ್ತು, ಹಿಡಿದದ್ದು 10.5. ಆ ಎರಡೂವರೆ ಸೆಕೆಂಡು ಹೊರಡುವ ಗಡಿಬಿಡಿಯಲ್ಲಿ ಹೋಯಿತು. ಕೊನೆಯಲ್ಲಿ ಹಳದಿ, ಎಲ್ಲ ಕೆಂಪು ಅಂತ ಇನ್ನೊಂದಿಷ್ಟು ಹೋಗುತ್ತದೆ. ಒಂದು ಕಡೆಯಿಂದ ಇನ್ನೊಂದು ಕಡೆಗೆ ಹಸಿರು ದಾಟಿಸುವಾಗೆಲ್ಲ ಸುಮಾರು 5 ಸೆಕೆಂಡು ಯಾರಿಗೂ ಸಿಗದೆ ಪೋಲಾಗುತ್ತದೆ. ಸಿಗ್ನಲ್ ಸಮಯದ ಗುಟ್ಟೆಲ್ಲ ಈ ಪೋಲಾಗುವ ಸೆಕೆಂಡುಗಳಲ್ಲೇ ಇದೆ ಅಂದರೂ ತಪ್ಪಿಲ್ಲ.

ಬ್ರಿಟನ್ನಿನ ರಸ್ತೆ ಸಂಶೋಧನಾಲಯದ ಎಫ್. ವಿ. ವೆಬ್‌ಸ್ಟರ್ 1958ರಲ್ಲಿ ಕೊಟ್ಟ ಸೂತ್ರ ಇವತ್ತಿಗೂ ಕೆಲಸಕ್ಕೆ ಬರುತ್ತದೆ. ಎಲ್ಲ ಕಡೆಗೂ ಒಂದೊಂದು ಸಲ ಹಸಿರು ಬಂದು ಮುಗಿಯುವ ಪೂರ್ತಿ ಸುತ್ತು ಎಷ್ಟು ಸೆಕೆಂಡು ಇದ್ದರೆ ಒಟ್ಟು ಕಾಯುವಿಕೆ ಕಡಿಮೆ ಅಂತ ಅದು ಹೇಳುತ್ತದೆ. ಸುತ್ತಿನಲ್ಲಿ ಪೋಲಾಗುವ ಸೆಕೆಂಡುಗಳನ್ನು ಒಂದೂವರೆಯಿಂದ ಗುಣಿಸಿ, 5 ಸೇರಿಸಿ. ಅದನ್ನು ‘ಒಂದರಲ್ಲಿ ರಸ್ತೆಯ ಬೇಡಿಕೆ ಕಳೆದರೆ ಉಳಿಯುವ’ ಭಾಗದಿಂದ ಭಾಗಿಸಿ. ಬಾಯಲ್ಲಿ ಹೇಳಿದರೆ ಗೋಜಲು. ಮಾಡಿ ನೋಡೋಣ.

ಮುಖ್ಯರಸ್ತೆಯ ತುಂಬಿದ ಲೇನಿನಲ್ಲಿ ಗಂಟೆಗೆ 700 ಕಾರು. 1,800ರಲ್ಲಿ ಇದು 0.39 ಪಾಲು. ಅಡ್ಡರಸ್ತೆಯಲ್ಲಿ 450, ಅಂದರೆ 0.25. ಒಟ್ಟು ಬೇಡಿಕೆ 0.64. ಎರಡು ಸರದಿ, ಪೋಲು 10 ಸೆಕೆಂಡು. 10ರ ಒಂದೂವರೆ ಪಟ್ಟು 15, ಜೊತೆಗೆ 5, ಒಟ್ಟು 20. ಅದನ್ನು 0.36ರಿಂದ ಭಾಗಿಸಿದರೆ ಸುತ್ತು ಸುಮಾರು 55 ಸೆಕೆಂಡು. ಚೆನ್ನಾಗಿದೆ, ಅಲ್ವಾ?

ಈಗ ಎದುರಿನ ಸಾಲನ್ನು ಅಡ್ಡ ದಾಟಿ ತಿರುಗುವವರು ‘ನಮಗೆ ಬೇರೆ ಬಾಣದ ದೀಪ ಬೇಕು’ ಎನ್ನುತ್ತಾರೆ. ಗಂಟೆಗೆ 180 ಗಾಡಿ ಮಾತ್ರ, ಬೇಡಿಕೆ 0.10. ಒಟ್ಟು 0.74 ಆಯಿತು. ಪೋಲು 10ರಿಂದ 15ಕ್ಕೆ ಏರಿತು. ಸೂತ್ರಕ್ಕೆ ಹಾಕಿದರೆ ಸುತ್ತು ಸುಮಾರು 105 ಸೆಕೆಂಡು! ಇಷ್ಟು ಸಣ್ಣ ಗುಂಪಿಗೆ ಒಂದು ಬಾಣ ಕೊಟ್ಟಿದ್ದಕ್ಕೆ ಎಲ್ಲರ ಸುತ್ತೂ ಹೆಚ್ಚುಕಡಿಮೆ ಎರಡು ಪಟ್ಟಾಯಿತು. ಹಂಚಿಕೆ ಮುಖ್ಯರಸ್ತೆಗೆ 48, ಅಡ್ಡರಸ್ತೆಗೆ 30, ತಿರುಗುವವರಿಗೆ 12 ಸೆಕೆಂಡು. ಹನ್ನೆರಡರಲ್ಲಿ ಆರು ಕಾರು ಹೋದಾವು. ನಿಮ್ಮ ‘ನಾಲ್ಕೈದು ಗಾಡಿ’ಗೆ ಇನ್ನೊಂದು ಉತ್ತರ ಇದು. ಬಾಣದ ದೀಪ ಬೇಕು ಅಂತ ಅರ್ಜಿ ಬಂದಾಗೆಲ್ಲ ನಾವು ಹಿಂದೆಮುಂದೆ ನೋಡುವುದು ಇದಕ್ಕೇ. ಆದರೆ ಅಲ್ಲಿ ತಿರುಗುವವರಿಗೆ ಅಪಘಾತ ಆಗುತ್ತಿದ್ದರೆ ಯೋಚನೆಯೇ ಬೇಡ, ಬಾಣ ಕೊಡಬೇಕು. ಕಾಯುವುದು ಅದಕ್ಕೆ ತೆರುವ ಬೆಲೆ.

ಹಾಗಾದರೆ ಸುತ್ತನ್ನು ಇನ್ನೂ ಉದ್ದ ಮಾಡಿದರೆ ಪೋಲು ಕಡಿಮೆ ಆಗಿ ಹೆಚ್ಚು ಗಾಡಿ ಹೋಗುತ್ತವಲ್ಲ ಅಂತ ಕೇಳಬಹುದು. ಸ್ವಲ್ಪ ನಿಜ. ಪೋಲು 15 ಇರುವಾಗ 60 ಸೆಕೆಂಡಿನ ಸುತ್ತಿನಲ್ಲಿ 75 ಶೇಕಡಾ ಸಮಯ ಕೆಲಸಕ್ಕೆ ಬರುತ್ತದೆ, 120ರಲ್ಲಿ 87.5. ಇನ್ನೂ ಎಳೆದು 180 ಮಾಡಿದರೆ 92ರ ಹತ್ತಿರ. ಕೊನೆಯ ಆ ಒಂದು ನಿಮಿಷಕ್ಕೆ ಸಿಕ್ಕಿದ್ದು ನಾಲ್ಕು ಶೇಕಡಾ, ಅದೂ ಕಾಗದದ ಮೇಲೆ. ಕೆಂಪು ಉದ್ದವಾದಷ್ಟೂ ಸಾಲು ಉದ್ದ. ತಿರುಗುವವರ ಸಾಲು ತನ್ನ ಜಾಗ ತುಂಬಿ ನೇರ ಹೋಗುವ ಲೇನಿಗೆ ಚಾಚುತ್ತದೆ, ಅದನ್ನೂ ಕಟ್ಟಿಹಾಕುತ್ತದೆ. ನಡೆದು ದಾಟುವವರು ಬೇಸತ್ತು ಕೆಂಪಿನಲ್ಲೇ ನುಗ್ಗುತ್ತಾರೆ. ವೆಬ್‌ಸ್ಟರ್ ತೋರಿಸಿದ ಇನ್ನೊಂದು ಸಂಗತಿಯನ್ನು ಬಹಳ ಜನ ಮರೆಯುತ್ತಾರೆ: ಲೆಕ್ಕದಲ್ಲಿ ಬಂದ ಸುತ್ತಿನ ಮುಕ್ಕಾಲು ಪಾಲಿನಿಂದ ಒಂದೂವರೆ ಪಟ್ಟಿನವರೆಗೂ ಒಟ್ಟು ಕಾಯುವಿಕೆ ಅಷ್ಟೇನೂ ಹೆಚ್ಚುವುದಿಲ್ಲ. ಅಂದರೆ ಮೇಲಿನ 105ರ ಜಾಗದಲ್ಲಿ 85 ಇಟ್ಟರೂ ನಡೆಯುತ್ತದೆ. ನಾನಾದರೆ 85ನ್ನೇ ಇಡುತ್ತೇನೆ.

ಈಗ ನಿಮ್ಮ ಖಾಲಿ ರಸ್ತೆಗೆ ಬರೋಣ.

ಸಾಲಾಗಿ ಹತ್ತು ಸಿಗ್ನಲ್ ಇರುವ ರಸ್ತೆಯಲ್ಲಿ ಒಂದಾದ ಮೇಲೊಂದು ಹಸಿರು ಸಿಗುವ ಹಾಗೆ ಜೋಡಿಸುವುದು ಹಳೆಯ ಆಸೆ. ಅಮೆರಿಕದ ಸಾಲ್ಟ್ ಲೇಕ್ ಸಿಟಿಯಲ್ಲಿ 1917ರಲ್ಲೇ ಆರು ಚೌಕಗಳ ದೀಪಗಳನ್ನು ಒಂದಕ್ಕೊಂದು ಜೋಡಿಸಿ ಒಂದೇ ಸ್ವಿಚ್ಚಿನಿಂದ ನಡೆಸುತ್ತಿದ್ದರು. ಲೆಕ್ಕ ಸುಲಭ: ಎರಡು ಸಿಗ್ನಲ್ ನಡುವೆ 400 ಮೀಟರ್ ಇದ್ದರೆ, 50 ಕಿಲೋಮೀಟರ್ ವೇಗಕ್ಕೆ ಎರಡನೆಯದರ ಹಸಿರು 29 ಸೆಕೆಂಡು ತಡವಾಗಿ ಶುರುವಾಗಬೇಕು. ಆದರೆ ಈ ಜೋಡಣೆ ಪ್ರತಿ ಸುತ್ತಿನಲ್ಲೂ ನಿಲ್ಲಬೇಕಾದರೆ ಎಲ್ಲ ಸಿಗ್ನಲ್‌ಗಳ ಸುತ್ತೂ ಒಂದೇ ಆಗಿರಬೇಕು. ಒಂದು 55, ಇನ್ನೊಂದು 105 ಅಂತ ಇದ್ದರೆ ಎರಡನೇ ಸುತ್ತಿಗೇ ತಾಳ ತಪ್ಪುತ್ತದೆ. ಹಾಗಾಗಿ ಆ ಸಾಲಿನಲ್ಲಿ ಎಲ್ಲಕ್ಕಿಂತ ದೊಡ್ಡ, ಎಲ್ಲಕ್ಕಿಂತ ಕಿಕ್ಕಿರಿದ ಚೌಕಕ್ಕೆ 105 ಬೇಕಾದರೆ, ನಿಮ್ಮ ಪುಟ್ಟ ಅಡ್ಡರಸ್ತೆಯ ಸಿಗ್ನಲ್ಲೂ 105 ಹಾಕಿಕೊಳ್ಳುತ್ತದೆ. ಒಂಟಿಯಾಗಿದ್ದರೆ ಅದಕ್ಕೆ 55 ಸಾಕಿತ್ತು.

ನೀವು ನಿಂತಿರುವಾಗ ಮುಖ್ಯರಸ್ತೆ ಖಾಲಿ ಕಾಣುತ್ತದಲ್ಲ, ಬಹುಶಃ ಹಿಂದಿನ ಸಿಗ್ನಲ್ ಬಿಟ್ಟ ಗುಂಪು ಇನ್ನೂ ಬಂದು ತಲುಪಿರುವುದಿಲ್ಲ. ಅದು ಬಂದಾಗ ಹಸಿರು ಸಿದ್ಧವಾಗಿರಲಿ ಅಂತ ರಸ್ತೆಯನ್ನು ಕಾಯ್ದಿರಿಸಲಾಗಿದೆ. ನಿಮಗೆ ಮಧ್ಯೆ ಹಸಿರು ಕೊಟ್ಟು ಹತ್ತು ಸೆಕೆಂಡು ತಡವಾದರೆ ಆ ಗುಂಪೆಲ್ಲ ನಿಲ್ಲಬೇಕು. ಸುತ್ತು ಅರ್ಧದಷ್ಟು ಸಾಕಾಗುವ ಕಡೆ ಒಂದು ದೊಡ್ಡ ಸುತ್ತಿನೊಳಗೆ ಎರಡು ಸಣ್ಣ ಸುತ್ತು ಓಡಿಸುವ ಉಪಾಯ ಇದೆ. ಆಗ ತಾಳವೂ ತಪ್ಪುವುದಿಲ್ಲ, ಅಡ್ಡರಸ್ತೆಯವರು ಕಾಯುವುದೂ ಕಡಿಮೆ. ಎಷ್ಟೋ ಕಡೆ ಮಾಡಬಹುದು, ಮಾಡಿರುವುದಿಲ್ಲ. ಇದನ್ನು ಸೋಮಾರಿತನ ಅಂತಲೇ ಹೇಳಬೇಕು.

ಎರಡೂ ದಿಕ್ಕಿಗೆ ಹಸಿರಿನ ಅಲೆ ಸಿಗಬೇಕಾದರೆ ಅದೃಷ್ಟವೂ ಬೇಕು. 90 ಸೆಕೆಂಡಿನ ಸುತ್ತು, 50 ಕಿಲೋಮೀಟರ್ ವೇಗ ಅಂದರೆ ಸಿಗ್ನಲ್‌ಗಳು ಸುಮಾರು 625 ಮೀಟರಿಗೊಂದರಂತೆ ಇದ್ದರೆ ಎರಡೂ ಕಡೆಯವರಿಗೆ ಚೆನ್ನಾಗಿ ಹೊಂದುತ್ತದೆ. ಹಳೆಯ ರಸ್ತೆಗಳಲ್ಲಿ ಚೌಕಗಳು ಸಿಕ್ಕಸಿಕ್ಕಲ್ಲಿ ಇರುತ್ತವೆ. ಆಗ ಬೆಳಗ್ಗೆ ಒಂದು ದಿಕ್ಕಿಗೆ, ಸಂಜೆ ಇನ್ನೊಂದಕ್ಕೆ ಅನುಕೂಲ ಮಾಡುತ್ತಾರೆ. ಬೆಳಗ್ಗೆ ಸರಾಗವಾಗಿ ಹೋದ ರಸ್ತೆಯಲ್ಲಿ ಅದೇ ಹೊತ್ತಿಗೆ ಎದುರಿನಿಂದ ಬರುವವರು ಪ್ರತಿ ಸಿಗ್ನಲ್‌ನಲ್ಲೂ ನಿಲ್ಲುತ್ತಿರಬಹುದು.

ಹೀಗೆ ಗಡಿಯಾರ ನೋಡಿ ಬದಲಾಗುವ ಪ್ಲಾನ್‌ಗಳು ದಿನಕ್ಕೆ ನಾಲ್ಕೈದು ಇರುತ್ತವೆ. ಒಂದು ಪ್ಲಾನಿನಿಂದ ಇನ್ನೊಂದಕ್ಕೆ ಹೊರಳುವಾಗ ಕೆಲವು ಸುತ್ತು ಸಿಗ್ನಲ್ ವಿಚಿತ್ರವಾಗಿ ಆಡುತ್ತದೆ. ಒಂದು ಕಡೆ ಹಸಿರು ಸುಮ್ಮನೆ ಉದ್ದವಾಗುತ್ತದೆ. ಹೊಸ ತಾಳಕ್ಕೆ ಹೊಂದಿಕೊಳ್ಳುತ್ತಿದೆ ಅಷ್ಟೇ. ಆದರೆ ದಿನವಿಡೀ ತಾಳ ತಪ್ಪಿದ್ದರೆ ಕಂಟ್ರೋಲರ್ ಪೆಟ್ಟಿಗೆಯ ಗಡಿಯಾರ ನೋಡಬೇಕು. ಅದು ಹತ್ತು ಹದಿನೈದು ಸೆಕೆಂಡು ಹಿಂದೆಮುಂದೆ ಆದರೂ ಇಡೀ ಜೋಡಣೆ ಹಾಳು.

ಇನ್ನೊಂದು ಜಾತಿಯ ಸಿಗ್ನಲ್ ಗಾಡಿ ಬಂದದ್ದನ್ನು ನೋಡಿ ಬದಲಾಗುತ್ತದೆ. 1928ರಲ್ಲಿ ಬಾಲ್ಟಿಮೋರ್‌ನಲ್ಲಿ ಚಾರ್ಲ್ಸ್ ಆಡ್ಲರ್ ಇಟ್ಟ ಸಿಗ್ನಲ್‌ಗೆ ಹಾರ್ನ್ ಹೊಡೆದರೆ ಹಸಿರು ಬರುತ್ತಿತ್ತು (ಅಕ್ಕಪಕ್ಕದ ಮನೆಯವರ ಪಾಡು ಕೇಳಬೇಡಿ). ಈಗ ರಸ್ತೆಯೊಳಗೆ ಹೂತ ತಂತಿಯ ಸುರುಳಿ, ಕ್ಯಾಮೆರಾ, ರಾಡಾರ್ ಇವೆ. ಇಂಥ ಸಿಗ್ನಲ್‌ಗೆ ಮೂರು ಅಂಕಿ ಕೊಡುತ್ತೇವೆ: ಕನಿಷ್ಠ ಹಸಿರು, ಗರಿಷ್ಠ ಹಸಿರು, ಮತ್ತು ಎರಡು ಗಾಡಿಗಳ ನಡುವೆ ಎಷ್ಟು ಸೆಕೆಂಡು ಯಾರೂ ಬಾರದಿದ್ದರೆ ಹಸಿರು ಮುಗಿಸಬೇಕು ಎಂಬುದು. ಕೊನೆಯದು ಸಾಮಾನ್ಯವಾಗಿ ಎರಡು ಮೂರು ಸೆಕೆಂಡು. ಮುಂದಿನವನು ಫೋನ್ ನೋಡುತ್ತಾ ನಿಧಾನಕ್ಕೆ ಹೊರಟರೆ ನಡುವೆ ಬಿರುಕು ಬೀಳುತ್ತದೆ. ಸಿಗ್ನಲ್ ಸಾಲು ಮುಗಿಯಿತು ಅಂದುಕೊಂಡು ಹಿಂದಿನವರ ಮುಖಕ್ಕೆ ಕೆಂಪು ಹಾಕುತ್ತದೆ. ಸಿಡ್ನಿಯಲ್ಲಿ ಹುಟ್ಟಿದ ಸ್ಕ್ಯಾಟ್ಸ್, ಬ್ರಿಟನ್ನಿನ ಸ್ಕೂಟ್ ಎಂಬ ಕಂಪ್ಯೂಟರ್ ವ್ಯವಸ್ಥೆಗಳು ಇನ್ನೂ ಮುಂದೆ ಹೋಗಿ, ಇಡೀ ಪ್ರದೇಶದ ಸಿಗ್ನಲ್‌ಗಳ ಸುತ್ತು, ಹಂಚಿಕೆ, ಜೋಡಣೆಯನ್ನು ಆಗಿಂದಾಗಲೇ ಸ್ವಲ್ಪ ಸ್ವಲ್ಪ ತಿದ್ದುತ್ತಾ ಹೋಗುತ್ತವೆ. ಬೇಡಿಕೆ ರಸ್ತೆಯ ತಾಕತ್ತನ್ನೇ ಮೀರಿದಾಗ ಇವೂ ಕೈ ಚೆಲ್ಲುತ್ತವೆ. ಯಾವ ಕಂಪ್ಯೂಟರೂ ಗಂಟೆಯಲ್ಲಿ 3,600ಕ್ಕಿಂತ ಹೆಚ್ಚು ಸೆಕೆಂಡು ತುಂಬಲಾರದು.

ಸುರುಳಿಗಳ ಬಗ್ಗೆ ಒಂದು ಉಪಯೋಗದ ಮಾತು. ಅವು ತೂಕ ನೋಡುವುದಿಲ್ಲ, ಲೋಹ ಹತ್ತಿರ ಬಂದಾಗ ಆಗುವ ವಿದ್ಯುತ್ ಬದಲಾವಣೆ ನೋಡುತ್ತವೆ. ನೀವು ಬೈಕಿನಲ್ಲೋ ಸೈಕಲ್ಲಿನಲ್ಲೋ ಇದ್ದರೆ ಡಾಂಬರು ಕೊಯ್ದು ಮುಚ್ಚಿದ ಗೆರೆ ಕಾಣುತ್ತದೆ, ಸರಿಯಾಗಿ ಅದರ ಮೇಲೆ ನಿಲ್ಲಿ. ನಡುಮಧ್ಯೆ ನಿಂತರೆ ನೀವು ಇರುವುದೇ ಅದಕ್ಕೆ ತಿಳಿಯದೆ ಹೋಗಬಹುದು. ಸುರುಳಿ ಕೆಟ್ಟರೆ ಕಂಟ್ರೋಲರ್ ಸಾಮಾನ್ಯವಾಗಿ ‘ಸದಾ ಯಾರೋ ಕಾಯುತ್ತಿದ್ದಾರೆ’ ಅಂತ ತಿಳಿದು ಪ್ರತಿ ಸುತ್ತಿನಲ್ಲೂ ಗರಿಷ್ಠ ಹಸಿರು ಕೊಡುತ್ತದೆ. ರಾತ್ರಿ ಎರಡು ಗಂಟೆಗೂ ಖಾಲಿ ಗಲ್ಲಿಗೆ ಪೂರ್ತಿ ಹಸಿರು ಬರುತ್ತಿದ್ದರೆ ಮೊದಲ ಅನುಮಾನ ಇದರ ಮೇಲೇ ಇರಲಿ. ನಡೆದು ದಾಟುವವರು ಹಸಿರಿಗಾಗಿ ಒತ್ತುವ ಗುಂಡಿಯ (ಬಟನ್) ಕಥೆ ಬೇರೆ. ನ್ಯೂಯಾರ್ಕ್ ನಗರದ 3,250ರಷ್ಟು ಗುಂಡಿಗಳಲ್ಲಿ 2,500ಕ್ಕೂ ಹೆಚ್ಚು ಕೆಲಸವೇ ಮಾಡುತ್ತಿಲ್ಲ ಅಂತ 2004ರಲ್ಲಿ ಪತ್ರಿಕೆಯಲ್ಲಿ ಬಂದಿತ್ತು. ಸಿಗ್ನಲ್‌ಗಳನ್ನು ಗಡಿಯಾರಕ್ಕೆ ಕಟ್ಟಿದ್ದರು, ಗುಂಡಿ ಹಾಗೇ ಉಳಿದಿತ್ತು.

ಲೆಕ್ಕ ಎಷ್ಟೇ ಕರಾರುವಾಕ್ಕಾಗಿದ್ದರೂ ಯಾರ ಕಾಯುವಿಕೆ ಕಡಿಮೆ ಮಾಡಬೇಕು ಎಂಬುದನ್ನು ಸೂತ್ರ ಹೇಳುವುದಿಲ್ಲ. ವೆಬ್‌ಸ್ಟರ್ ಎಣಿಸಿದ್ದು ಗಾಡಿಗಳನ್ನು. ಐವತ್ತು ಜನ ಕೂತ ಬಸ್ಸು ಆ ಲೆಕ್ಕದಲ್ಲಿ ಎರಡು ಮೂರು ಕಾರಿಗೆ ಸಮ. ರಸ್ತೆ ಬದಿಯಲ್ಲಿ ದಾಟಲು ನಿಂತ ಮೂವತ್ತು ಜನ ಲೆಕ್ಕದಲ್ಲೇ ಇಲ್ಲ. ಗಾಡಿ ಬಿಟ್ಟು ಜನರನ್ನು ಎಣಿಸಿದರೆ ಅದೇ ಚೌಕಕ್ಕೆ ಬೇರೆಯೇ ಸುತ್ತು, ಬೇರೆಯೇ ಹಂಚಿಕೆ ಬರುತ್ತದೆ. ಬಸ್ ಬಂದಾಗ ಹಸಿರನ್ನು ಕೆಲವು ಸೆಕೆಂಡು ಹಿಡಿದಿಡುವುದು, ತಿರುಗುವ ಗಾಡಿಗಳಿಗಿಂತ ಮೂರರಿಂದ ಏಳು ಸೆಕೆಂಡು ಮೊದಲೇ ನಡೆಯುವವರನ್ನು ಬಿಡುವುದು, ಇವೆಲ್ಲ ಆ ದಿಕ್ಕಿನ ಕೆಲಸ. ಇದನ್ನು ತೀರ್ಮಾನಿಸಬೇಕಾದವರು ಎಂಜಿನಿಯರುಗಳು ಮಾತ್ರ ಅಲ್ಲ, ಅದಕ್ಕೇ ನಿಮ್ಮ ದೂರಿಗೂ ಬೆಲೆ ಇದೆ.

ದೂರು ಕೊಡುವಾಗ ‘ಸಿಗ್ನಲ್ ಸರಿಯಿಲ್ಲ’ ಅಂತ ಬರೆದರೆ ಯಾರಿಗೂ ಏನೂ ತಿಳಿಯುವುದಿಲ್ಲ. ಯಾವ ದಿಕ್ಕಿನಿಂದ ಬರುತ್ತೀರಿ, ಯಾವ ವಾರ, ಎಷ್ಟು ಗಂಟೆಗೆ ಅಂತ ಬರೆಯಿರಿ. ಒಂದು ಕೆಂಪಿನಿಂದ ಮುಂದಿನ ಕೆಂಪಿನವರೆಗೆ ಎಷ್ಟು ಸೆಕೆಂಡು, ಅದರಲ್ಲಿ ನಿಮಗೆ ಹಸಿರು ಎಷ್ಟು ಅಂತ ಫೋನಿನಲ್ಲೇ ಅಳೆದು ಹಾಕಿ. ಹಸಿರು ಮುಗಿದಾಗ ನಿಮ್ಮ ಸಾಲಿನಲ್ಲಿ ಎಷ್ಟು ಗಾಡಿ ಉಳಿದವು, ಅದೇ ಹೊತ್ತಿಗೆ ಎದುರಿನ ರಸ್ತೆಗೆ ಹಸಿರಿದ್ದೂ ಎಷ್ಟು ಸೆಕೆಂಡು ಯಾರೂ ಬರಲಿಲ್ಲ, ಇದನ್ನು ಸೇರಿಸಿ. ಸಿಗ್ನಲ್ ಸಮಯವನ್ನು ಮೂರರಿಂದ ಐದು ವರ್ಷಕ್ಕೊಮ್ಮೆ ಪರಿಷ್ಕರಿಸಬೇಕು ಎಂಬುದು ವೃತ್ತಿಯಲ್ಲಿ ಎಲ್ಲರೂ ಒಪ್ಪುವ ಮಾತು. ಹಾಗಾಗಿ ಕೊನೆಯ ಸಲ ಯಾವ ವರ್ಷದ ಎಣಿಕೆಯ ಮೇಲೆ ಸಮಯ ಇಟ್ಟಿದ್ದು ಅಂತಲೂ ಕೇಳಿ. ಅಡ್ಡರಸ್ತೆಗೆ ಅರ್ಧ ಸುತ್ತು ಕೊಡಲು ಸಾಧ್ಯವೇ ಅಂತ ಒಂದು ಸಾಲು ಸೇರಿಸಿದರೆ, ಓದುವ ಎಂಜಿನಿಯರ್ ನಿಮ್ಮ ಪತ್ರವನ್ನು ಬದಿಗಿಡುವ ಮೊದಲು ಎರಡು ಸಲ ಯೋಚಿಸುತ್ತಾನೆ.